ಯೂಸ್‌ನೆಟ್ ಓದಲು ಮನೆಯಲ್ಲೇ ಒಂದು ಪುಟ್ಟ ಸರ್ವರ್

ಪ್ರಶ್ನೆ: ಸರ್ವರ್‌ಗಳು ಒಂದಕ್ಕೊಂದು ಬರಹ ದಾಟಿಸುವ ಹಳೆಯ ಚರ್ಚಾಜಾಲ ಯೂಸ್‌ನೆಟ್‌ನ ಕೆಲವು ಚರ್ಚಾಗುಂಪುಗಳನ್ನು ತಪ್ಪದೆ ಓದುತ್ತೇನೆ. ನಮ್ಮಲ್ಲಿ ಇಂಟರ್ನೆಟ್ ಆಗಾಗ ಕೈಕೊಡುತ್ತದೆ. ಹಳೆಯ ಕಂಪ್ಯೂಟರಿನಲ್ಲಿ ಸ್ವಂತ ನ್ಯೂಸ್ ಸರ್ವರ್ ನಡೆಸಬಹುದೇ?

ಧಾರಾಳವಾಗಿ ನಡೆಸಬಹುದು. ಆದರೆ ಐಎನ್‌ಎನ್‌ನಂತಹ ದೊಡ್ಡ ನ್ಯೂಸ್ ಸರ್ವರ್ ತಂತ್ರಾಂಶದ ಗೊಡವೆ ಬೇಡ. ಅದು ಸಾವಿರಾರು ಗುಂಪುಗಳ ಬರಹಗಳನ್ನು ಇತರ ಸರ್ವರ್‌ಗಳೊಂದಿಗೆ ಹಂಚಿಕೊಳ್ಳುವ ಸಂಸ್ಥೆಗಳಿಗೆ ತಕ್ಕದ್ದು. ನಿಮಗೆ ಹೊಂದುವುದು ಲೀಫ್‌ನೋಡ್. ನಾರ್ವೆಯ ಆರ್ಂಟ್ ಗುಲ್‌ಬ್ರಾಂಡ್‌ಸೆನ್ 1990ರ ದಶಕದಲ್ಲಿ ಶುರುಮಾಡಿದ ಈ ತಂತ್ರಾಂಶ ಲಿನಕ್ಸ್ ಮತ್ತು ಬಿಎಸ್‌ಡಿ ಕಾರ್ಯಾಚರಣಾ ವ್ಯವಸ್ಥೆಗಳಲ್ಲಿ ನಡೆಯುತ್ತದೆ. ಡಯಲ್-ಅಪ್ ಕಾಲದ ಬಡ ಸಂಪರ್ಕಕ್ಕೆಂದೇ ಹುಟ್ಟಿದ್ದರಿಂದ ಮಿತವ್ಯಯ ಅದರ ರಕ್ತದಲ್ಲೇ ಇದೆ.

ನನಗೆ ಅಚ್ಚುಮೆಚ್ಚಾದದ್ದು ಅದು ಗುಂಪುಗಳನ್ನು ಆರಿಸುವ ರೀತಿ. ಯಾವ ಗುಂಪು ಬೇಕೆಂದು ನೀವು ಪಟ್ಟಿ ಬರೆದುಕೊಡಬೇಕಿಲ್ಲ. ಥಂಡರ್‌ಬರ್ಡ್ ಅಥವಾ ಪ್ಯಾನ್‌ನಂತಹ, ಯೂಸ್‌ನೆಟ್ ಓದುವ ತಂತ್ರಾಂಶದಲ್ಲಿ ಒಂದು ಗುಂಪನ್ನು ಮೊದಲ ಸಲ ತೆರೆದಾಗ ಒಂದೇ ಒಂದು ಸೂಚನಾ ಬರಹ ಕಾಣಿಸುತ್ತದೆ. ಸರ್ವರ್ ಕೆಟ್ಟಿದೆಯೆಂದು ಗಾಬರಿಯಾಗಬೇಡಿ, ಆ ಬರಹವನ್ನು ತೆರೆದು ಓದಿ. ನಿಮಗೆ ಈ ಗುಂಪಿನಲ್ಲಿ ಆಸಕ್ತಿ ಇದೆಯೆಂದು ಲೀಫ್‌ನೋಡ್ ಗುರುತು ಹಾಕಿಕೊಳ್ಳುತ್ತದೆ. ಅದರ ಜೊತೆಗೇ ಬರುವ, ಬರಹಗಳನ್ನು ತರುವ ಫೆಚ್‌ನ್ಯೂಸ್ ಎಂಬ ಉಪಕರಣ ಮುಂದಿನ ಬಾರಿ ಓಡಿದಾಗ ನಿಜವಾದ ಬರಹಗಳು ಇಳಿದುಬರುತ್ತವೆ. ಒಂದು ವಾರ ಆ ಕಡೆ ತಲೆ ಹಾಕದಿದ್ದರೆ ತರುವುದನ್ನು ತಾನಾಗಿಯೇ ನಿಲ್ಲಿಸುತ್ತದೆ. ಹೀಗೆ ನೀವು ಓದುವಷ್ಟೇ ಸಂಗ್ರಹ. ಹಳತಾದವನ್ನು ಟೆಕ್ಸ್‌ಪೈರ್ ಎಂಬ ಅದರದೇ ಇನ್ನೊಂದು ಉಪಕರಣ ಅಳಿಸುತ್ತದೆ. ಎಷ್ಟು ದಿನ ಇಟ್ಟುಕೊಳ್ಳಬೇಕೆಂಬುದನ್ನು ಕಾನ್ಫಿಗ್ ಕಡತದಲ್ಲಿ, ಅಂದರೆ ಲೀಫ್‌ನೋಡ್‌ನ ಹೊಂದಾಣಿಕೆಗಳ ಕಡತದಲ್ಲಿ, ಬರೆಯಲೇಬೇಕು. ಫೆಚ್‌ನ್ಯೂಸ್ ಮತ್ತು ಟೆಕ್ಸ್‌ಪೈರ್ ಎರಡನ್ನೂ, ನಿಗದಿತ ಹೊತ್ತಿಗೆ ತಾನಾಗಿ ಕೆಲಸ ಮಾಡಿಸುವ ಕ್ರಾನ್‌ಗೆ ಒಪ್ಪಿಸಿಬಿಡಿ. ಸಂಪರ್ಕವಿಲ್ಲದಾಗ ನೀವು ಬರೆದ ಉತ್ತರಗಳೂ ಸರದಿಯಲ್ಲಿ ಕಾದಿದ್ದು, ಫೆಚ್‌ನ್ಯೂಸ್ ಓಡಿದಾಗ ಹೊರಟುಹೋಗುತ್ತವೆ.

ನಿಮ್ಮ ಲೀಫ್‌ನೋಡ್‌ಗೆ ಬರಹಗಳನ್ನು ಒದಗಿಸಲು ಹೊರಗಿನ ಒಂದು ನ್ಯೂಸ್ ಸರ್ವರ್ ಬೇಕೇ ಬೇಕು. ಹಿಂದೆ ಬ್ರೌಸರಿನಲ್ಲೇ ಯೂಸ್‌ನೆಟ್ ಓದಲು ನೆರವಾಗುತ್ತಿದ್ದ ಗೂಗಲ್ ಗ್ರೂಪ್ಸ್ 2024ರ ಫೆಬ್ರವರಿ 22ರಿಂದ ಯೂಸ್‌ನೆಟ್‌ನ ಹೊಸ ಬರಹಗಳನ್ನು ತೋರಿಸುತ್ತಿಲ್ಲ. ಪಠ್ಯದ ಗುಂಪುಗಳಷ್ಟೇ ಸಾಕಾದರೆ ಎಟರ್ನಲ್ ಸೆಪ್ಟೆಂಬರ್ ಎಂಬ ನ್ಯೂಸ್ ಸರ್ವರ್‌ನಲ್ಲಿ ಉಚಿತವಾಗಿ ಖಾತೆ ತೆರೆಯಬಹುದು. ಆ ಸರ್ವರ್‌ನ ಹೆಸರು, ನಿಮ್ಮ ಖಾತೆಯ ಹೆಸರು, ಗುಪ್ತಪದಗಳನ್ನು ಕಾನ್ಫಿಗ್ ಕಡತಕ್ಕೆ ಸೇರಿಸಿ.

ಅನುಸ್ಥಾಪಿಸುವಾಗ ಹೆಚ್ಚಿನವರು ಎಡವುವುದು ಕಂಪ್ಯೂಟರಿನ ಹೆಸರಿನಲ್ಲಿ. ಯೂಸ್‌ನೆಟ್‌ನ ಪ್ರತಿ ಬರಹಕ್ಕೂ ಜಗತ್ತಿನಲ್ಲೇ ಬೇರೆಲ್ಲೂ ಇರದ ಒಂದು ಗುರುತು ಬೇಕು. ಒಂದೇ ಗುರುತಿನ ಎರಡನೆಯ ಬರಹ ಬಂದರೆ ಸರ್ವರ್‌ಗಳು ಅದನ್ನು ನಕಲೆಂದು ಬಿಸಾಡುತ್ತವೆ. ಈ ಗುರುತಿನಲ್ಲಿ ಕಂಪ್ಯೂಟರಿನ ಹೆಸರೂ ಸೇರುವುದರಿಂದ, ಎಲ್ಲರ ಯಂತ್ರದಲ್ಲೂ ಇರುವ 'ಲೋಕಲ್‌ಹೋಸ್ಟ್' ಅನ್ನು ಲೀಫ್‌ನೋಡ್ ಒಪ್ಪುವುದಿಲ್ಲ. ನಿಮ್ಮದೇ ಡೊಮೇನ್ (ಇಂಟರ್ನೆಟ್ಟಿನಲ್ಲಿ ನೋಂದಾಯಿಸಿದ ಹೆಸರು) ಇದ್ದರೆ ಅದರಡಿ ಒಂದು ಹೆಸರು ಕೊಡಿ. ಇಲ್ಲದಿದ್ದರೆ ಖಾತೆ ಕೊಟ್ಟವರನ್ನು ಕೇಳಿ ಪಡೆಯಿರಿ. ಇನ್ನೊಬ್ಬರ ಡೊಮೇನ್ ಹೆಸರನ್ನು ಮಾತ್ರ ಎರವಲು ಪಡೆಯಬೇಡಿ.