ಪದ ಗೊತ್ತು, ವಾಕ್ಯ ಬರುವುದಿಲ್ಲ

ಕನ್ನಡ ಮಾಧ್ಯಮದಲ್ಲಿ ಓದಿ ಪದವಿ ತರಗತಿಗೆ ಬಂದ ಮಕ್ಕಳು ಮೊದಲು ಹೇಳುವ ಮಾತು: ‘ಸರ್, ನಮಗೆ ವೊಕ್ಯಾಬುಲರಿ ಇಲ್ಲ.’ ಅವರ ಮಾತನ್ನೇ ಗಮನಿಸಿದರೆ ಅದು ನಿಜವಲ್ಲ. ‘ಬಸ್ ಮಿಸ್ ಆಯ್ತು, ಕ್ಲಾಸ್‌ಗೆ ಲೇಟ್ ಆಯ್ತು, ಅಸೈನ್‌ಮೆಂಟ್ ಸಬ್‌ಮಿಟ್ ಮಾಡಿಲ್ಲ, ಟೆನ್ಶನ್ ಆಗ್ತಿದೆ’ ಎನ್ನುವವರಿಗೆ ಪದಗಳ ಬಡತನ ಎಲ್ಲಿದೆ? ಅದನ್ನೇ ಇಂಗ್ಲಿಷಿನಲ್ಲಿ ಹೇಳಿ ಎಂದಾಗ ಮಾತ್ರ ‘ಬಸ್ ಈಸ್ ಮಿಸ್’ ಎಂದು ತಡವರಿಸುತ್ತಾರೆ. ಕನ್ನಡದಲ್ಲಿ ಬಸ್ಸು ತಾನಾಗಿ ಮಿಸ್ ಆಗುತ್ತದೆ. ಇಂಗ್ಲಿಷಿನಲ್ಲಿ ಮಿಸ್ ಮಾಡಿಕೊಂಡವನು ನಾನು: ‘ಐ ಮಿಸ್ಡ್ ದ ಬಸ್.’ ಟೆನ್ಶನ್ ನಮಗೆ ‘ಆಗುತ್ತದೆ’, ಅಲ್ಲಿ ‘ಐ ಆಮ್ ಟೆನ್ಸ್’.

‘ಮಾಡು’ ಇನ್ನೂ ದೊಡ್ಡ ತೊಡಕು. ಕನ್ನಡದಲ್ಲಿ ತಪ್ಪು ಮಾಡುತ್ತೇವೆ, ಸ್ನಾನ ಮಾಡುತ್ತೇವೆ, ಊಟ ಮಾಡುತ್ತೇವೆ, ಹೋಂವರ್ಕ್ ಮಾಡುತ್ತೇವೆ. ಇಂಗ್ಲಿಷಿನಲ್ಲಿ ಮೇಕ್ ಎ ಮಿಸ್ಟೇಕ್, ಟೇಕ್ ಎ ಬಾತ್, ಹ್ಯಾವ್ ಲಂಚ್, ಡೂ ಹೋಂವರ್ಕ್. ಇಲ್ಲಿ ಯಾವ ಪದಕ್ಕೆ ಯಾವುದು ಜೊತೆ ಎಂಬುದನ್ನು ವ್ಯಾಕರಣದ ಸೂತ್ರವೊಂದು ಹೇಳಿಕೊಡುವುದಿಲ್ಲ. ಜೋಡಿಯಾಗಿಯೇ ಕಲಿಯಬೇಕು.

ಒಬ್ಬ ವಿದ್ಯಾರ್ಥಿನಿಯ ನೋಟ್‌ಬುಕ್ಕಿನಲ್ಲಿ ಎರಡು ಕಾಲಂ ಇದ್ದವು: ಎಡಕ್ಕೆ ಪದ, ಬಲಕ್ಕೆ ಅರ್ಥ. ‘ರಿಲಕ್ಟಂಟ್’ ಎದುರು ‘ಇಷ್ಟವಿಲ್ಲದ’ ಎಂದಿತ್ತು. ಆ ಅರ್ಥವನ್ನು ನಂಬಿ ಅವಳು ಬರೆದ ವಾಕ್ಯ, ‘ಐ ಆಮ್ ರಿಲಕ್ಟಂಟ್ ಮ್ಯಾಥ್ಸ್’. ಅವಳ ಮನೆಯ ಸುದ್ದಿ ಕೇಳಿದೆ. ತಮ್ಮ ಬೆಳಿಗ್ಗೆ ಏಳಲು ಒಲ್ಲೆ ಅನ್ನುತ್ತಾನಂತೆ. ‘ಮೈ ಬ್ರದರ್ ಈಸ್ ರಿಲಕ್ಟಂಟ್ ಟು ಗೆಟ್ ಅಪ್ ಅರ್ಲಿ’ ಎಂದು ಬರೆಸಿದೆ. ಆ ಪದದ ನಂತರ ‘ಟು’ ಬರುತ್ತದೆ, ಆಮೇಲೆ ಒಂದು ಕೆಲಸ ಬರುತ್ತದೆ ಎಂಬುದು ಬೇರೆ ಪಾಠವಿಲ್ಲದೆ ಅವಳಿಗೆ ದಕ್ಕಿತು.

ವಾಕ್ಯ ನಿಮ್ಮ ಬದುಕಿನದ್ದೇ ಆಗಿರಬೇಕು ಎಂದು ನಾನು ಹಟ ಹಿಡಿಯುವುದು ಇದಕ್ಕೇ. ಗೈಡಿನಿಂದ ಇಳಿಸಿಕೊಂಡ ವಾಕ್ಯ ಮರುದಿನ ಬಾಯಿಗೆ ಬರುವುದಿಲ್ಲ. ಜರ್ಮನಿಯ ಮನೋವಿಜ್ಞಾನಿ ಹರ್ಮನ್ ಎಬಿಂಗ್‌ಹೌಸ್ ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು ತಾನೇ ಉರುಹೊಡೆದು, ಎಷ್ಟು ಬೇಗ ಮರೆಯುತ್ತದೆ ಎಂಬುದನ್ನು ಅಳೆದು 1885ರಲ್ಲಿ ಪ್ರಕಟಿಸಿದರು. ಬಹುಪಾಲು ಒಂದೇ ದಿನದೊಳಗೆ ಮರೆತುಹೋಗಿತ್ತು. ಪಟ್ಟಿಯಲ್ಲಿ ಒಂಟಿಯಾಗಿ ನಿಂತ ಪದದ ಗತಿಯೂ ಹೆಚ್ಚುಕಡಿಮೆ ಅದೇ. ಹಾಗಾಗಿ ಬರೆದ ವಾಕ್ಯವನ್ನು ಮರುದಿನ, ಮೂರನೆಯ ದಿನ, ವಾರದ ನಂತರ ಗಟ್ಟಿಯಾಗಿ ಹೇಳಿಸುತ್ತೇನೆ. ಪ್ರತಿ ಸಲವೂ ಒಂದು ಪದ ಬದಲಾಗಬೇಕು: ತಮ್ಮನ ಬದಲು ಅಜ್ಜಿ, ಏಳುವುದರ ಬದಲು ಆಸ್ಪತ್ರೆಗೆ ಹೋಗುವುದು.

ಯಾವ ಪದಗಳಿಂದ ಶುರುಮಾಡಬೇಕು? ಪೇಪರಿನ ಸಂಪಾದಕೀಯದಿಂದ ಕಷ್ಟದ ಪದ ಹೆಕ್ಕುವ ಚಾಳಿ ಸದ್ಯಕ್ಕೆ ಬಿಡಿ. ಹಿಂದೆ ಢಾಕಾದಲ್ಲಿ ಶಿಕ್ಷಕರಿಗೆ ತರಬೇತಿ ಕೊಡುತ್ತಿದ್ದ ಮೈಕೆಲ್ ವೆಸ್ಟ್ 1953ರಲ್ಲಿ ಹೊರತಂದ, ಹೆಚ್ಚು ಬಳಕೆಯ ಇಂಗ್ಲಿಷ್ ಪದಗಳ ಪಟ್ಟಿಯಲ್ಲಿ ಇದ್ದದ್ದು ಸುಮಾರು 2000 ಪದ ಮಾತ್ರ. ಸಾಮಾನ್ಯ ಬರಹದ ಬಹುಭಾಗ ಅಷ್ಟರಲ್ಲೇ ಬಂದುಹೋಗುತ್ತದೆ. ಗೆಟ್, ಟೇಕ್, ಕೀಪ್, ಪುಟ್ ಇವನ್ನು ಹತ್ತಾರು ರೀತಿಯಲ್ಲಿ ಬಳಸಬಲ್ಲವರು ಸಂದರ್ಶನದಲ್ಲಿ ನಿರಾಳವಾಗಿ ಮಾತಾಡುತ್ತಾರೆ. ನಿಘಂಟು ಕೊಳ್ಳುವುದಾದರೆ ಅರ್ಥವನ್ನು ಪೂರ್ಣ ವಾಕ್ಯದಲ್ಲೇ ವಿವರಿಸುವಂಥದ್ದು ಇರಲಿ. 1987ರಲ್ಲಿ ಬಂದ ಕೋಬಿಲ್ಡ್ ನಿಘಂಟು ಈ ಕ್ರಮದಲ್ಲೇ ಇದೆ.

ಶಿಕ್ಷಕ ಮಿತ್ರರಲ್ಲಿ ಒಂದು ಕೋರಿಕೆ. ವಾರದ ಟೆಸ್ಟಿನಲ್ಲಿ ಹತ್ತು ಪದಕ್ಕೆ ಅರ್ಥ ಕೇಳುವ ಬದಲು, ನಾಲ್ಕು ಪದ ಕೊಟ್ಟು ನಿನ್ನೆ ಮನೆಯಲ್ಲಿ ನಡೆದದ್ದನ್ನು ಬರೆಸಿ. ಸ್ಪೆಲ್ಲಿಂಗ್ ತಪ್ಪಿಗೆ ಅಂಕ ಕಳೆಯಬೇಡಿ.