ಹಕ್ಕಿಜ್ವರದ ಸುದ್ದಿ ಬಂದಾಗ ಕೋಳಿ ತಿನ್ನಬಹುದಾ?

ಪ್ರಶ್ನೆ: ಹಕ್ಕಿಜ್ವರ ಅಂತ ಟಿವಿಯಲ್ಲಿ ಬಂದ ತಕ್ಷಣ ನಮ್ಮ ಮನೆಯಲ್ಲಿ ಕೋಳಿ, ಮೊಟ್ಟೆ ಎರಡೂ ಬಂದ್. ನಿಜವಾಗಲೂ ತಿಂದರೆ ಬರುತ್ತಾ?
– ಯಲಹಂಕದ ಓದುಗರು

ಚೆನ್ನಾಗಿ ಬೇಯಿಸಿದ್ದರೆ ಬರುವುದಿಲ್ಲ. ಮಾಂಸದ ಒಳಭಾಗಕ್ಕೂ 70 ಡಿಗ್ರಿ ಸೆಲ್ಸಿಯಸ್ ಬಿಸಿ ತಲುಪಿದರೆ ವೈರಸ್ ಸಾಯುತ್ತದೆ. ನಮ್ಮ ಕೋಳಿ ಸಾರು ಅದಕ್ಕಿಂತ ಜಾಸ್ತಿ ಬಿಸಿಯಲ್ಲೇ ಕುದಿಯುತ್ತದೆ. ಆ ದಿನಗಳಲ್ಲಿ ಅರೆಬೆಂದ ಮೊಟ್ಟೆ ಬೇಡ, ಅಷ್ಟೇ.

ನಾವು ಯೋಚಿಸಬೇಕಾದ್ದು ಊಟದ ತಟ್ಟೆಯ ಬಗ್ಗೆ ಅಲ್ಲ, ಕೋಳಿ ಕತ್ತರಿಸಿಕೊಡುವವರ ಬಗ್ಗೆ. ರೋಗ ಬಂದ ಕೋಳಿಯ ಎಂಜಲು, ಸಿಂಬಳ, ಹಿಕ್ಕೆಯಲ್ಲಿ ವೈರಸ್ ತುಂಬಿರುತ್ತದೆ. ಪುಕ್ಕ ಕೀಳುವಾಗ, ಪಂಜರ ತೊಳೆಯುವಾಗ ಅದು ಕೈಗೆ ಹತ್ತುತ್ತದೆ, ಗಾಳಿಯಲ್ಲಿ ಮೂಗು, ಕಣ್ಣಿಗೂ ಹೋಗುತ್ತದೆ. ಬೆಂಗಳೂರಿಗೆ ಇದು ದೂರದ ಮಾತೇನಲ್ಲ. 2012ರಲ್ಲಿ ಹೆಸರಘಟ್ಟದ ಕೇಂದ್ರ ಸರ್ಕಾರದ ಕೋಳಿ ಸಾಕಣೆ ಕೇಂದ್ರದಲ್ಲಿ, 2018ರ ಜನವರಿಯಲ್ಲಿ ದಾಸರಹಳ್ಳಿ ಕಡೆ ಹಕ್ಕಿಜ್ವರ ಕಾಣಿಸಿಕೊಂಡಿತ್ತು.

ಹಾಗಾದರೆ ಅಂಗಡಿಯವರಿಗೆಲ್ಲ ಯಾಕೆ ಬರುವುದಿಲ್ಲ? ಹಕ್ಕಿಯ ವೈರಸ್ ಅಂಟಿಕೊಳ್ಳುವಂಥ ಜೀವಕೋಶಗಳು ನಮ್ಮ ಮೂಗು, ಗಂಟಲಲ್ಲಿ ಕಡಿಮೆ. ಶ್ವಾಸಕೋಶದ ಆಳದಲ್ಲಿ ಮತ್ತು ಕಣ್ಣಿನಲ್ಲಿ ಜಾಸ್ತಿ. ಅದಕ್ಕೇ ಸುಲಭವಾಗಿ ಅಂಟುವುದಿಲ್ಲ, ಆಳಕ್ಕೆ ಇಳಿದರೆ ಮಾತ್ರ ಜೀವಕ್ಕೇ ಕುತ್ತು. 1997ರಲ್ಲಿ ಹಾಂಗ್‌ಕಾಂಗ್‌ನಲ್ಲಿ ಎಚ್‌5ಎನ್‌1 ಅನ್ನುವ ಹಕ್ಕಿಜ್ವರದ ವೈರಸ್ ಮೊದಲ ಸಲ ಮನುಷ್ಯರಿಗೆ ಬಂದಾಗ 18 ಜನರಲ್ಲಿ 6 ಜನ ತೀರಿಕೊಂಡರು. 2024ರಲ್ಲಿ ಅಮೆರಿಕದ ಹಸುಗಳಿಗೂ ಇದು ಹರಡಿತು. ಅಲ್ಲಿ ಹಾಲು ಕರೆಯುವ ಕೆಲಸಗಾರರಲ್ಲಿ ಹೆಚ್ಚಾಗಿ ಕಂಡದ್ದು ಕಣ್ಣು ಕೆಂಪಾಗುವುದು. ವೈರಸ್ ಹಸಿ ಹಾಲಿನಲ್ಲಿತ್ತು. ಹಾಲು ಕಾಯಿಸಿ ಕುಡಿಯುವ ನಮ್ಮ ರೂಢಿಯನ್ನು ಯಾವ ಕಾರಣಕ್ಕೂ ಬಿಡಬೇಡಿ.

ಹಂದಿಯ ಕಥೆ ಬೇರೆ. ಅದರ ದೇಹಕ್ಕೆ ಹಕ್ಕಿಯ ಫ್ಲೂ, ಮನುಷ್ಯರ ಫ್ಲೂ ಎರಡೂ ಅಂಟಬಲ್ಲವು. ಫ್ಲೂ ವೈರಸ್ಸಿನ ವಂಶವಾಹಿ 8 ತುಂಡುಗಳಲ್ಲಿರುತ್ತದೆ. ಎರಡು ವೈರಸ್ ಒಂದೇ ಜೀವಕೋಶ ಹೊಕ್ಕರೆ ಈ ತುಂಡುಗಳು ಅದಲುಬದಲಾಗಿ ಹೊಸದೇ ಒಂದು ಹುಟ್ಟಬಹುದು. 2009ರಲ್ಲಿ ಜಗತ್ತನ್ನೆಲ್ಲ ಸುತ್ತಿದ ಹಂದಿಜ್ವರದ ವೈರಸ್ ಎಚ್‌1ಎನ್‌1ನಲ್ಲಿ ಹಂದಿ, ಹಕ್ಕಿ, ಮನುಷ್ಯ ಮೂರೂ ಮೂಲದ ತುಂಡುಗಳಿದ್ದವು. ಆಮೇಲೆ ಅದೇ ವೈರಸ್ ಮನುಷ್ಯರಿಂದ ವಾಪಸ್ ಹಂದಿಗಳಿಗೂ ಹೋಯಿತು. ಪ್ರಾಣಿಗಳಿಂದ ನಮಗೆ ಬರುತ್ತದೆ ಅಂತ ಮಾತ್ರ ಹೇಳುತ್ತೇವೆ, ನಮ್ಮಿಂದ ಅವಕ್ಕೆ ಹೋಗುವುದನ್ನು ಮರೆಯುತ್ತೇವೆ ಅಲ್ವಾ? ಫಾರಂ ಕೆಲಸಗಾರರು ನೆಗಡಿ, ಜ್ವರ ಇದ್ದಾಗ ರಜೆ ಹಾಕಬೇಕು, ಪ್ರತಿ ವರ್ಷ ಫ್ಲೂ ಲಸಿಕೆ ಪಡೆಯಬೇಕು ಅನ್ನುವುದು ಇದಕ್ಕೇ. ಆ ಲಸಿಕೆ ಹಕ್ಕಿಜ್ವರ ತಡೆಯುವುದಿಲ್ಲ, ಆದರೆ ಎರಡು ವೈರಸ್ ಒಂದೇ ದೇಹದಲ್ಲಿ ಸೇರುವ ಸಾಧ್ಯತೆ ಕಡಿಮೆ ಮಾಡುತ್ತದೆ. ರಜೆ ಹಾಕಿದ ದಿನದ ಕೂಲಿ, ಲಸಿಕೆಯ ಖರ್ಚು ಮಾಲೀಕರೇ ಕೊಡಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ನಿಮ್ಮ ಮನೆಯ ಮಟ್ಟಿಗೆ ಹೇಳುವುದಾದರೆ, ಹಸಿ ಮಾಂಸ ಮುಟ್ಟಿದ ಕೈ, ಚಾಕು, ಮಣೆ ಸೋಪು ಹಾಕಿ ತೊಳೆಯಿರಿ. ಸತ್ತು ಬಿದ್ದ ಕಾಗೆ, ಕೋಳಿಯನ್ನು ಬರಿಗೈಯಲ್ಲಿ ಎತ್ತಬೇಡಿ, ಹತ್ತಿರದ ಪಶು ಆಸ್ಪತ್ರೆಗೆ ತಿಳಿಸಿ. ಕೋಳಿ ಕೆಲಸ ಮಾಡುವವರು ಪರಿಚಯದವರಿದ್ದರೆ ಇಷ್ಟು ಹೇಳಿ: ಜ್ವರ, ಕೆಮ್ಮು ಬಂದರೆ ಸುಮ್ನೆ ಮಾತ್ರೆ ನುಂಗಿ ಕೂರಬೇಡಿ, ಡಾಕ್ಟರ ಹತ್ತಿರ ನಿಮ್ಮ ಕೆಲಸ ಏನು ಅಂತ ಮೊದಲೇ ಹೇಳಿ. ಫ್ಲೂಗೆ ಕೊಡುವ ಒಸೆಲ್ಟಾಮಿವಿರ್ ಔಷಧಿಯನ್ನು ಎರಡು ದಿನದೊಳಗೆ ಶುರು ಮಾಡಿದರೆ ಹೆಚ್ಚು ಕೆಲಸ ಮಾಡುತ್ತದೆ.