ಕರುಳಿನೊಳಗೆ ಕಬ್ಬಿಣದ ಕಿತ್ತಾಟ

ಮೊದಲ ಮಹಾಯುದ್ಧದ ಕಾಲದಲ್ಲಿ ಸೈನಿಕರಲ್ಲಿ ಆಮಶಂಕೆ ಹಬ್ಬಿದಾಗ ಒಬ್ಬನಿಗೆ ಮಾತ್ರ ಏನೂ ಆಗಲಿಲ್ಲ. ಜರ್ಮನಿಯ ಫ್ರೈಬರ್ಗ್‌ನ ವೈದ್ಯ ಆಲ್ಫ್ರೆಡ್ ನಿಸ್ಲೆ ಅವನ ಮಲದಿಂದ ಇ. ಕೋಲಿಯ ಒಂದು ತಳಿಯನ್ನು ಬೇರ್ಪಡಿಸಿದರು. ಇಂದಿಗೂ ಔಷಧಿಯಾಗಿ ಬಳಕೆಯಲ್ಲಿರುವ ‘ನಿಸ್ಲೆ 1917’ ಅದೇ. ಇ. ಕೋಲಿ ಎಂದರೆ ಬರೀ ರೋಗ ತರುವ ಕ್ರಿಮಿ ಎಂದುಕೊಂಡವರಿಗೆ ಇದು ವಿಚಿತ್ರ ಅನಿಸೀತು.

ನಿಸ್ಲೆ ತಳಿ ಭೇದಿ ತರುವ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾವನ್ನು ತಡೆಯುವ ಬಗೆ ಸ್ಪಷ್ಟವಾದದ್ದು ಈಚೆಗೆ. ಜಗಳವೆಲ್ಲ ಕಬ್ಬಿಣಕ್ಕೆ. ಬೆಳೆಯಲು ಕಬ್ಬಿಣ ಬೇಕೇ ಬೇಕು, ಉರಿಯೂತವಾದ ಕರುಳಲ್ಲಿ ಅದು ಸುಲಭಕ್ಕೆ ಸಿಗದು. ಹಾಗಾಗಿ ಈ ಬ್ಯಾಕ್ಟೀರಿಯಾಗಳು ಎಂಟೆರೊಬ್ಯಾಕ್ಟಿನ್ ಎಂಬ ಅಣುವನ್ನು ಹೊರಗೆ ಬಿಟ್ಟು, ಅದು ಕಬ್ಬಿಣ ಹಿಡಿದ ಮೇಲೆ ಒಳಗೆಳೆದುಕೊಳ್ಳುತ್ತವೆ. ನಮ್ಮ ದೇಹವೂ ಸುಮ್ಮನಿರುವುದಿಲ್ಲ: ಲಿಪೊಕ್ಯಾಲಿನ್-2 ಎಂಬ ಪ್ರೋಟೀನು ಸುರಿದು ಆ ಅಣುವನ್ನೇ ಕಟ್ಟಿಹಾಕುತ್ತದೆ. ಸಾಲ್ಮೊನೆಲ್ಲಾ ಎಂಟೆರೊಬ್ಯಾಕ್ಟಿನ್‌ಗೆ ಗ್ಲುಕೋಸ್ ಅಂಟಿಸಿ ಸಾಲ್ಮೊಕೆಲಿನ್ ಮಾಡಿಕೊಳ್ಳುತ್ತದೆ. ಅದು ಲಿಪೊಕ್ಯಾಲಿನ್‌ನ ಹಿಡಿತಕ್ಕೆ ಸಿಗದು. ಮಾಮೂಲಿ ಇ. ಕೋಲಿ ಹಸಿದಿರುವಾಗ ಸಾಲ್ಮೊನೆಲ್ಲಾ ಕೊಬ್ಬುವುದು ಹೀಗೆ.

ನಿಸ್ಲೆ ತಳಿಗೂ ಈ ವಿದ್ಯೆ ಗೊತ್ತು. 2013ರಲ್ಲಿ ಪ್ರಕಟವಾದ ಇಲಿಗಳ ಪ್ರಯೋಗದಲ್ಲಿ ಅದು ಸಾಲ್ಮೊನೆಲ್ಲಾದ ಸಂಖ್ಯೆಯನ್ನು ಇಳಿಸಿತು. ಕಬ್ಬಿಣ ಹೀರುವ ಶಕ್ತಿ ಕಿತ್ತ ನಿಸ್ಲೆಯಿಂದ ಆ ಲಾಭ ಸಿಗಲಿಲ್ಲ. ನಿಸ್ಲೆಯ ಬಳಿ ಮೈಕ್ರೊಸಿನ್ ಎಂಬ ವಿಷವೂ ಇದೆ. ಕಬ್ಬಿಣ ಹಿಡಿಯುವ ಅಣುವಿಗೇ ಅಂಟಿಕೊಂಡಿರುವ ಈ ವಿಷ ಗಾಳಕ್ಕೆ ಸಿಕ್ಕಿಸಿದ ಎರೆಹುಳುವಿನಂತೆ: ಕಬ್ಬಿಣಕ್ಕೆ ಬಾಗಿಲು ತೆರೆದ ವೈರಿ ತಾನೇ ಅದನ್ನು ಒಳಗೆ ಕರೆದುಕೊಳ್ಳುತ್ತದೆ.

ಮೊಸರಿನ ಲ್ಯಾಕ್ಟೋಬ್ಯಾಸಿಲಸ್‌ಗಳಿಂದ ಈ ಕೆಲಸ ಆಗದು. ಬಹುತೇಕ ಅವು ಕಬ್ಬಿಣದ ಗೊಡವೆಗೇ ಹೋಗುವುದಿಲ್ಲ; ಅವುಗಳ ಮುಖ್ಯ ಅಸ್ತ್ರ ಲ್ಯಾಕ್ಟಿಕ್ ಆಮ್ಲ. ಆದ್ದರಿಂದ ಪೊಟ್ಟಣದ ಮೇಲೆ ‘ಪ್ರೊಬಯಾಟಿಕ್’ (ಆರೋಗ್ಯಕ್ಕೆಂದು ಸೇವಿಸುವ ಜೀವಂತ ಸೂಕ್ಷ್ಮಜೀವಿ) ಎಂದಿದ್ದರೆ ಸಾಲದು, ತಳಿಯ ಹೆಸರು ಅಥವಾ ಸಂಖ್ಯೆ ಇರಬೇಕು. ಜೀವಂತ ಸೂಕ್ಷ್ಮಜೀವಿಗಳ ಲೆಕ್ಕವೂ ತಯಾರಿಸಿದ ದಿನದ್ದಲ್ಲ, ಅವಧಿ ಮುಗಿಯುವ ದಿನದ್ದಾಗಿರಬೇಕು.

ನಿಸ್ಲೆಯೇನೂ ಸಾಧುವಲ್ಲ. ಡಿಎನ್‌ಎಗೆ ಹಾನಿ ಮಾಡುವ ಕೊಲಿಬ್ಯಾಕ್ಟಿನ್ ತಯಾರಿಸುವ ವಂಶವಾಹಿಗಳು ಅದರಲ್ಲಿವೆ. ಆಂಟಿಬಯಾಟಿಕ್ ನುಂಗುತ್ತಿದ್ದರೆ ಅದೂ ಸಾಯಬಹುದು. ಆಗ ವೈದ್ಯರು ಸ್ಯಾಕರೊಮೈಸಿಸ್ ಬೌಲಾರ್ಡಿ ಬರೆದುಕೊಡುವುದುಂಟು. ಅದು ಯೀಸ್ಟ್, ಬ್ಯಾಕ್ಟೀರಿಯಾ ಕೊಲ್ಲುವ ಔಷಧಿಗೆ ಜಗ್ಗದು. ಫ್ಲುಕೊನಜೋಲ್‌ನಂಥ ಶಿಲೀಂಧ್ರನಾಶಕಕ್ಕೆ ಮಾತ್ರ ಮಣಿಯುತ್ತದೆ. ದೊಡ್ಡ ರಕ್ತನಾಳಕ್ಕೆ ಸೆಂಟ್ರಲ್ ಲೈನ್ (ಔಷಧಿ ಹರಿಸುವ ಕೊಳವೆ) ಹಾಕಿರುವ ಅಥವಾ ರೋಗನಿರೋಧಕ ಶಕ್ತಿ ತೀರಾ ಕುಗ್ಗಿದ ರೋಗಿಗೆ ಇದನ್ನು ಕೊಡಬಾರದು. ಅಂಥವರಲ್ಲಿ ಈ ಯೀಸ್ಟ್ ರಕ್ತಕ್ಕೆ ಸೇರಿ ಸೋಂಕಾಗಿದೆ. ಅವರ ಹಾಸಿಗೆಯ ಪಕ್ಕ ಕ್ಯಾಪ್ಸೂಲ್ ಬಿಡಿಸುವುದೂ ಅಪಾಯ, ಪುಡಿ ಕೈಗೆ ಹತ್ತಿ ಲೈನಿಗೆ ತಗಲಬಹುದು.